ವಕೀಲರು ನಿಜವಾಗ್ಲೂ ಫೀಸ್ ಇಲ್ದೆ ಕೇಸ್ ನಡೆಸ್ತಾರಾ, ಅದನ್ನ ದಾನ ಅನ್ಬೋದಾ?

ನಡೆಸ್ತಾರೆ, ಆದ್ರೆ ಇದ್ರಲ್ಲಿ ಎರಡು ಥರ ಇದೆ, ಜನ ಎರಡನ್ನೂ ಒಂದೇ ಅನ್ಕೋತಾರೆ.

ಒಂದು ಸರ್ಕಾರದ ಉಚಿತ ಕಾನೂನು ನೆರವು. ಇದು ದಾನ ಅಲ್ಲ, ನಿಮ್ಮ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಮಕ್ಕಳು, ಮಕ್ಕಳು, ಎಸ್‌ಸಿ ಎಸ್‌ಟಿಯವ್ರು, ಅಂಗವಿಕಲರು, ಜೈಲಲ್ಲಿರೋರು ಇವ್ರಿಗೆಲ್ಲಾ ಆದಾಯ ಎಷ್ಟಿದ್ರೂ ವಕೀಲರನ್ನ ಕೊಡ್ತಾರೆ, ಆ ವಕೀಲರಿಗೆ ಫೀಸ್ ಪ್ರಾಧಿಕಾರವೇ ಕೊಡತ್ತೆ, ನೀವು ಒಂದು ರೂಪಾಯಿನೂ ಕೊಡ್ಬೇಕಾಗಿಲ್ಲ. ತಾಲೂಕು ಕೋರ್ಟಲ್ಲಿರೋ ಕಾನೂನು ಸೇವೆಗಳ ಸಮಿತಿಗೆ ಹೋಗಿ ಅರ್ಜಿ ಕೊಡಿ, ಓದು ಬರಹ ಬರ್ದೆ ಇದ್ರೆ ಬಾಯಲ್ಲಿ ಹೇಳಿದ್ರೂ ಅವ್ರೇ ಬರ್ಕೋಬೇಕು. ಇಲ್ಲಾಂದ್ರೆ 15100ಗೆ ಫೋನ್ ಮಾಡಿ.

ಇನ್ನೊಂದು ವಕೀಲರು ತಾವಾಗೇ ಫೀಸ್ ತಗೊಳ್ದೆ ಕೇಸ್ ನಡೆಸೋದು, ಪ್ರೊ ಬೋನೋ ಅಂತಾರಲ್ಲ ಅದು. ನಂಗೆ ಯಾವಾಗ್ಲೂ ನೆನಪಾಗೋದು ಸುಪ್ರೀಂ ಕೋರ್ಟ್ ವಕೀಲೆ ಕಪಿಲಾ ಹಿಂಗೋರಾನಿಯವ್ರು. 1979ರಲ್ಲಿ ಬಿಹಾರದ ಜೈಲುಗಳ ಬಗ್ಗೆ ಪೇಪರಲ್ಲಿ ಬಂದ ವರದಿ ಓದಿ, ವಿಚಾರಣೆನೇ ಇಲ್ದೆ ವರ್ಷಗಟ್ಲೆ ಕೊಳೀತಿದ್ದ ಕೈದಿಗಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದ್ರು, ಅದೇ ಹುಸೈನಾರಾ ಖಾತೂನ್ ಕೇಸು. ಕೆಲವ್ರು ಅವ್ರ ಮೇಲಿದ್ದ ಆರೋಪಕ್ಕೆ ಸಿಗೋ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ದಿನ ಆಗ್ಲೇ ಒಳಗೆ ಕಳೆದಿದ್ರು, ಯೋಚ್ನೆ ಮಾಡಿ. ಆ ಕೇಸಿಂದ ಸಾವಿರಾರು ಜನ ಹೊರಗೆ ಬಂದ್ರು, ಬಡವ್ರಿಗೆ ಉಚಿತ ವಕೀಲರು ಸಿಗೋದು ಮೂಲಭೂತ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿದ್ದೂ ಅದ್ರಲ್ಲೇ.

ದಾನ ಅಂತ ಚೆಕ್ ಬರ್ದು ಕೊಡೋ ವಕೀಲರ ಮೇಲೂ ಗೌರವ ಇದೆ, ಆದ್ರೆ ನನ್ ಪ್ರಕಾರ ವಕೀಲರು ಕೊಡ್ಬೋದಾದ ದೊಡ್ಡ ದಾನ ಅವ್ರ ಟೈಮು.