ಪತ್ರಿಕೆ ಮೇಲಿನ ದೂರು ಕೇಳುವ ಮಂಡಳಿಗೆ ದುಡ್ಡು ಯಾರದು?

"ಪತ್ರಿಕೆಗಳ ಮೇಲಿನ ದೂರು ಕೇಳುವ ಸಂಸ್ಥೆಗೆ ಪತ್ರಿಕೆಗಳೇ ದುಡ್ಡು ಕೊಡುತ್ತವಂತೆ. ಹಾಗಾದ್ರೆ ಅದು ಸ್ವತಂತ್ರ ಹೇಗೆ?" ಅಂತ ಕೇಳಿದ್ದೀರಿ. ನಾನು ಒಮ್ಮೆ ಆ ಸಂಸ್ಥೆಯ, ಅಂದರೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾದ, ಬಾಗಿಲು ತಟ್ಟಿದವನು, ಅದಕ್ಕೇ ಬರೀತಿದ್ದೇನೆ.

ಬಳ್ಳಾರಿಯಲ್ಲಿ ನನ್ನದು ಸಣ್ಣ ಜೀನ್ಸ್ ಹೊಲಿಗೆ ಘಟಕ. ಹನ್ನೊಂದು ಮಷಿನ್, ಅಷ್ಟೇ. ಬಟ್ಟೆಗೆ ಬಣ್ಣ ಹಾಕುವುದು, ತೊಳೆಯುವುದು ನಮ್ಮಲ್ಲಿಲ್ಲ. ಒಂದಿನ ಒಂದು ಪತ್ರಿಕೆಯಲ್ಲಿ ವಾಷಿಂಗ್ ಘಟಕಗಳು ಚರಂಡಿಗೆ ನೀಲಿ ನೀರು ಬಿಡುತ್ತಿವೆ ಅಂತ ಸುದ್ದಿ ಬಂತು. ಸುದ್ದಿ ನಿಜವೇ. ಆದರೆ ಜೊತೆಗಿದ್ದ ಫೋಟೋ ನಮ್ಮ ಗೇಟಿನದು, ಬೋರ್ಡ್ ಸಮೇತ! ಫೋನ್ ಮಾಡಿದೆ. "ನೋಡೋಣ ಸರ್" ಅಂದರು. ನೋಡಲಿಲ್ಲ.

ಪ್ರೆಸ್ ಕೌನ್ಸಿಲ್ ಅಂತ ಒಂದಿದೆ ಎಂದು ಪರಿಚಯದ ವಕೀಲರೊಬ್ಬರು ಹೇಳುವ ಹೊತ್ತಿಗೆ ಎಪ್ಪತ್ತು ದಿನ ಆಗಿತ್ತು. ದಿನಪತ್ರಿಕೆ ಮೇಲೆ ದೂರು ಕೊಡಲು ಇರುವುದು 2 ತಿಂಗಳು. ಸರಿಯಾದ ಕಾರಣ ಇದ್ದರೆ ಅಧ್ಯಕ್ಷರು ತಡವನ್ನು ಮನ್ನಿಸಬಹುದು ಅಂತಲೂ ಆ ವಕೀಲರೇ ಹೇಳಿದರು. ದೂರಿನ ಜೊತೆ ಸುದ್ದಿಯ ತುಣುಕು ಬೇಕು. ನಮ್ಮ ಮನೆ ಪೇಪರ್ ಆಗಲೇ ರದ್ದಿಗೆ ಹೋಗಿ, ಯಾವ ಮಿರ್ಚಿ ಬಂಡಿಯಲ್ಲಿ ಎಣ್ಣೆ ಕುಡಿಯುತ್ತಿತ್ತೋ! ಕೊನೆಗೆ ಪಕ್ಕದ ಕಟಿಂಗ್ ಶಾಪಿನ ಹಳೇ ಕಟ್ಟಿನಲ್ಲಿ ಸಿಕ್ಕಿತು.

ಈಗ ದುಡ್ಡಿನ ಮಾತು. ಪ್ರೆಸ್ ಕೌನ್ಸಿಲ್ ಪತ್ರಿಕೆಗಳವರು ಕೂಡಿ ಕಟ್ಟಿಕೊಂಡ ಸಂಘ ಅಲ್ಲ. ಶುರುವಾಗಿದ್ದು 1966ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿಸಿದರು, 1978ರ ಕಾಯ್ದೆಯಿಂದ ಮತ್ತೆ ಬಂತು. ಆ ಕಾಯ್ದೆ ಪ್ರಕಾರ ಅದಕ್ಕೆ ಎರಡು ಕಡೆಯಿಂದ ಹಣ ಬರುತ್ತದೆ: ಪತ್ರಿಕೆ, ಸುದ್ದಿಸಂಸ್ಥೆಗಳು ಕಟ್ಟುವ ಶುಲ್ಕ, ಮತ್ತೆ ಕೇಂದ್ರ ಸರ್ಕಾರದ ಅನುದಾನ. ನಿಜ ಹೇಳಬೇಕೆಂದರೆ ಪತ್ರಿಕೆಯವರ ಶುಲ್ಕಕ್ಕಿಂತ ಸರ್ಕಾರದ ದುಡ್ಡೇ ನನಗೆ ಜಾಸ್ತಿ ಅನುಮಾನ ತರಿಸುತ್ತದೆ. ಒಂದು ಸಲ ಬಾಗಿಲು ಹಾಕಿಸಿದ್ದು ಯಾರು, ಹೇಳಿ? ಬ್ರಿಟನ್ನಿನಲ್ಲೂ ಇದೇ ರಗಳೆ. ಅಲ್ಲಿ 2014ರಲ್ಲಿ ಬಂದ ಇಪ್ಸೋ ಅನ್ನುವ ದೂರು ಕೇಳುವ ಸಂಸ್ಥೆಗೆ ಪತ್ರಿಕಾ ಕಂಪನಿಗಳದ್ದೇ ದುಡ್ಡು, ಅದಕ್ಕೇ ಅದನ್ನು ನಂಬದವರಿದ್ದಾರೆ. ಇಂಪ್ರೆಸ್ ಅನ್ನುವ ಇನ್ನೊಂದಕ್ಕೆ ಮ್ಯಾಕ್ಸ್ ಮೋಸ್ಲಿ ಕುಟುಂಬದ ಟ್ರಸ್ಟ್ ಹಣ ಬಂತು. ಅವರು ಹಿಂದೆ ಒಂದು ಪತ್ರಿಕೆಯನ್ನು ಕೋರ್ಟಿಗೆ ಎಳೆದು ಗೆದ್ದವರು. ಪತ್ರಿಕೆಗಳು ಸುಮ್ನೆ ಇರುತ್ತವೆಯೇ?

ನಮ್ಮ ಕೌನ್ಸಿಲ್‌ನಲ್ಲಿ ಅಧ್ಯಕ್ಷರನ್ನು ಬಿಟ್ಟು 28 ಸದಸ್ಯರು. ಅವರಲ್ಲಿ 13 ಜನ ಪತ್ರಕರ್ತರು, 6 ಜನ ಮಾಲೀಕರ ಕಡೆಯವರು, 5 ಜನ ಸಂಸದರು. ಓದುಗ ಅಂತ ಒಂದು ಕುರ್ಚಿಯೂ ಇಲ್ಲ. ದಂಡ ಹಾಕುವ ಅಧಿಕಾರವಿಲ್ಲ. ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ಟಿವಿ ಚಾನೆಲ್ಲಂತೂ ಇದರ ಕೈಗೇ ಬರುವುದಿಲ್ಲ.

ಆದರೂ ನನ್ನ ಮಟ್ಟಿಗೆ ದುಡ್ಡಿಗಿಂತ ದೊಡ್ಡ ತೊಂದರೆ, ಇಂಥದ್ದೊಂದು ಇದೆ ಅಂತ ಯಾರಿಗೂ ಗೊತ್ತಿಲ್ಲದ್ದು. ನಮ್ಮ ಬೀದಿಯಲ್ಲಿ ಹತ್ತು ಮಂದಿಯನ್ನು ಕೇಳಿದೆ. ಒಬ್ಬರು ಪ್ರೆಸ್ ಕ್ಲಬ್ಬಾ ಅಂದರು. ಕೊನೇ ಪುಟದ ಅಡಿಯಲ್ಲಿ ಇರುವೆ ಸಾಲಿನ ಹಾಗೆ ಮುದ್ರಕ, ಪ್ರಕಾಶಕ, ಸಂಪಾದಕ ಅಂತ ಇರುತ್ತೆ, ಅಲ್ವಾ? ಅದರ ಕೆಳಗೇ "ದೂರಿದ್ದರೆ ಇಲ್ಲಿಗೆ ಬರೆಯಿರಿ" ಅಂತ ಒಂದು ಸಾಲು ಹಾಕಲು ಎಷ್ಟು ಖರ್ಚಾದೀತು?

ನನ್ನದು ಏನಾಯ್ತು ಅಂತೀರಾ? ಮೊದಲು ಸಂಪಾದಕರಿಗೇ ಬರೆಯಬೇಕು ಅನ್ನುವುದು ನಿಯಮ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದೆ. ಉತ್ತರ ಬಾರದಿದ್ದಾಗ ಅದರ ನಕಲು, ತುಣುಕು, ಕೋರ್ಟಿನಲ್ಲಿ ಕೇಸಿಲ್ಲ ಅನ್ನುವ ಘೋಷಣೆ, ತಡಕ್ಕೆ ಕಾರಣ ಎಲ್ಲಾ ಸೇರಿಸಿ ದೆಹಲಿಗೆ ಕಳಿಸಿದೆ. ಶುಲ್ಕ ಇಲ್ಲ, ಖರ್ಚಾಗಿದ್ದು ಜೆರಾಕ್ಸಿಗೂ ಅಂಚೆಗೂ ಮಾತ್ರ. ಅಲ್ಲಿಂದ ಪತ್ರಿಕೆಗೆ ನೋಟಿಸ್ ಹೋದ ಮೇಲೆ ಏಳನೇ ಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತಿನ ಪಕ್ಕ, ಮೂರು ಸಾಲಿನ ಸ್ಪಷ್ಟೀಕರಣ ಬಂತು. ಫೋಟೋ ಬಂದಿದ್ದು ಮುಖಪುಟದಲ್ಲಿ. ಆ ಮೂರು ಸಾಲನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ.