‘ಸಾವು’ ಎಲೆ ಬಂದಿದ್ದಕ್ಕೆ ಹೆದರಬೇಡಿ

ಸಕಲೇಶಪುರದ ಸಹೋದರಿಯವರೇ, ಮಳೆಗೆ ಕಾಫಿ ಉದುರಿ ಸಾಲ ಏರಿರುವ ಹೊತ್ತಿನಲ್ಲಿ ಹಾಸನಕ್ಕೆ ಹೋಗಿ ಟ್ಯಾರೋ ಎಂಬ ಚಿತ್ರದೆಲೆಗಳಲ್ಲಿ ಭವಿಷ್ಯ ನೋಡಿಸಿದಿರಿ, ‘ಸಾವು’ ಎಲೆ ಬಂದಿತು, ಯಜಮಾನರಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದ್ದೀರಿ. ಆ ಎಲೆಗೂ ಅವರ ಆಯುಸ್ಸಿಗೂ ಸಂಬಂಧವಿಲ್ಲ.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ. ಭವಿಷ್ಯ ನೋಡುವ ರೂಢಿ ಆಮೇಲೆ ಸೇರಿಕೊಂಡಿತು. 78 ಎಲೆಗಳಲ್ಲಿ 22 ಪ್ರಧಾನ. ‘ಸಾವು’ ಅವುಗಳಲ್ಲಿ 13ನೇ ಸಂಖ್ಯೆಯದು. ಟ್ಯಾರೋ ನೋಡಿ ಭವಿಷ್ಯ ಹೇಳುವವರ ಸಂಪ್ರದಾಯದಲ್ಲೇ ಅದಕ್ಕೆ ಒಂದು ಘಟ್ಟ ಮುಗಿದು ಇನ್ನೊಂದು ತೊಡಗುತ್ತದೆ ಎಂಬ ಅರ್ಥವಿದೆ. 1909ರಲ್ಲಿ ಪ್ರಕಟವಾದ, ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ರಚಿಸಿದ ಆ ಎಲೆಯ ಚಿತ್ರವನ್ನು ನೋಡಿ: ಕುದುರೆಯೇರಿದ ಅಸ್ಥಿಪಂಜರದಾಚೆ, ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ನನಗಂತೂ ಅದು ಬಹಳ ಸಮಾಧಾನ ಕೊಡುವ ಚಿತ್ರ.

ಎಲೆಯ ಮುಂದೆ ಕುಳಿತಾಗ ‘ಏನಾಗುತ್ತದೆ’ ಎಂದು ಕೇಳಬೇಡಿ, ‘ನಾನು ಏನನ್ನು ಬಿಡಬೇಕು, ಯಾರ ನೆರವು ಕೇಳಬೇಕು’ ಎಂದು ಕೇಳಿಕೊಳ್ಳಿ. ಮನಸ್ಸಿಗೆ ಬಂದ ಉತ್ತರವನ್ನು ಬರೆದಿಡಿ. ಪರಿಹಾರ ಪೂಜೆಗೆಂದು ಟ್ಯಾರೋ ನೋಡಿದವರು ಕೇಳಿದ ಹಣವನ್ನು ಮಾತ್ರ ದಯವಿಟ್ಟು ಕೊಡಬೇಡಿ. ಸಾಲದ ಕಂತಿನ ಅವಧಿ ವಿಸ್ತರಿಸಲು ಬ್ಯಾಂಕಿನಲ್ಲಿ ಈ ವಾರವೇ ವಿಚಾರಿಸಿ. ಯಜಮಾನರು ಮಾತು ಬಿಟ್ಟು ಕುಳಿತಿದ್ದಾರೆ ಎಂದಿದ್ದೀರಲ್ಲ, ನನಗೆ ಹೆಚ್ಚು ಆತಂಕ ಆ ಮಾತಿನದು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇಬ್ಬರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.