ಆನಿಮೇಷನ್ ಸಿನಿಮಾದ ಟೀಸರ್‌ನಲ್ಲಿ ಕಥೆ ಎಷ್ಟು ಹೇಳಬೇಕು?

ಕಾಫಿ ತೋಟಕ್ಕೆ ನುಗ್ಗುವ ಮರಿ ಆನೆಯ ಬಗ್ಗೆ ಹತ್ತು ನಿಮಿಷದ ಆನಿಮೇಷನ್ ಕಿರುಚಿತ್ರ ಮಾಡುತ್ತಿದ್ದೀರಿ, ಟೀಸರ್‌ನಲ್ಲಿ ಕಥೆ ಎಷ್ಟು ಹೇಳಬೇಕು ಅಂತ ಕೇಳಿದ್ದೀರಿ. ನಾನು ಮಡಿಕೇರಿಯಲ್ಲಿ ಮದುವೆ ವಿಡಿಯೋ, ಹೋಂಸ್ಟೇ ಜಾಹೀರಾತು ಎಡಿಟ್ ಮಾಡುವವನು. ಆನಿಮೇಟರ್ ಅಲ್ಲ. ಆದರೆ ಟೀಸರ್ ನೋಡುವ ಚಟ ಜಾಸ್ತಿ.

ನನ್ನ ಉತ್ತರ: ಕಥೆ ಹೇಳಲೇಬೇಡಿ. ಪಾತ್ರಕ್ಕೆ ಒಂದು ಸಣ್ಣ ಪೇಚಾಟ ಕೊಟ್ಟು ಮುಗಿಸಿ.

'ದಿ ಇನ್‌ಕ್ರೆಡಿಬಲ್ಸ್' 2004ರ ಆನಿಮೇಷನ್ ಸಿನಿಮಾ. ಟೀಸರ್ 2003ರಲ್ಲೇ 'ಫೈಂಡಿಂಗ್ ನೀಮೊ' ಸಿನಿಮಾ ಜೊತೆ ಥಿಯೇಟರ್‌ಗೆ ಬಂದಿತ್ತು. ಅದರಲ್ಲಿ ಇರುವುದಿಷ್ಟೇ: ಹೊಟ್ಟೆ ಬಂದ ಸೂಪರ್‌ಹೀರೋ ಒಬ್ಬ ತನ್ನ ಹಳೇ ಡ್ರೆಸ್ ಹಾಕಿಕೊಂಡು ಬೆಲ್ಟ್ ಬಿಗಿಯಲು ಒದ್ದಾಡುತ್ತಾನೆ. ಹೆಂಡತಿ ಮಕ್ಕಳಿಲ್ಲ, ವಿಲನ್ ಇಲ್ಲ. ಆದರೂ ಇವನ ಕಾಲ ಮುಗಿದಿದೆ, ಆಸೆ ಮಾತ್ರ ಮುಗಿದಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಆ ದೃಶ್ಯ ಸಿನಿಮಾದಲ್ಲಿ ಇಲ್ಲ, ಟೀಸರ್‌ಗೆಂದೇ ಮಾಡಿದ್ದು. 2013ರ 'ಫ್ರೋಜನ್' ಇನ್ನೂ ಮಜಾ. ಸಿನಿಮಾ ಇಬ್ಬರು ಅಕ್ಕತಂಗಿಯರದ್ದು, ಮೊದಲ ಟೀಸರ್‌ನಲ್ಲಿ ಅವರ ಸುಳಿವೇ ಇಲ್ಲ! ಹಿಮದ ಗೊಂಬೆಯ ಕ್ಯಾರೆಟ್ ಮೂಗು ಹೆಪ್ಪುಗಟ್ಟಿದ ಕೆರೆ ಮೇಲೆ ಜಾರುತ್ತದೆ, ಅದಕ್ಕಾಗಿ ಗೊಂಬೆಗೂ ಹಿಮಸಾರಂಗಕ್ಕೂ ಪೈಪೋಟಿ. ಮಾತೇ ಇಲ್ಲ. ಯಾವ ಭಾಷೆಯವರಿಗಾದರೂ ಅರ್ಥವಾಗುತ್ತದೆ.

ಇದಕ್ಕೆ ಕಾರಣ ಬರೀ ಜಾಣತನ ಅಲ್ಲ, ಅನಿವಾರ್ಯತೆಯೂ ಇದೆ. ಮಾಮೂಲಿ ಸಿನಿಮಾದಲ್ಲಿ ಶೂಟಿಂಗ್ ಮುಗಿದ ಮೇಲೆ ಎಡಿಟರ್ ಹತ್ತಿರ ಗಂಟೆಗಟ್ಟಲೆ ಫುಟೇಜ್ ಇರುತ್ತದೆ. ಆನಿಮೇಷನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್, ಎಲ್ಲವನ್ನೂ ಕಟ್ಟಬೇಕು. ಬಿಡುಗಡೆಗೆ ವರ್ಷ ಇರುವಾಗ ಸ್ಟೋರಿಬೋರ್ಡ್ (ದೃಶ್ಯಗಳ ಕಚ್ಚಾ ಚಿತ್ರಗಳ ಸಾಲು) ಇರುತ್ತದೆ, ಬಣ್ಣ ಬೆಳಕು ಎಲ್ಲ ಮುಗಿದ ಶಾಟ್ ಕಡಿಮೆ. 'ದಿ ಲಯನ್ ಕಿಂಗ್'ಗೆ ಬೇರೆ ದಾರಿ ಹಿಡಿದರು. ಸಿನಿಮಾ ಬಂದದ್ದು 1994ರಲ್ಲಿ, 1993ರ ಕೊನೆಗೆ ಅದರ ಮೊದಲ ಹಾಡನ್ನು ಇಡಿಯಾಗಿ ಥಿಯೇಟರ್‌ನಲ್ಲಿ ತೋರಿಸಿದರು. ಅಂಥ ಹಾಡು ಕೈಯಲ್ಲಿದ್ದರೆ ಸರಿ.

ಸ್ಟಾರ್ ಸಿನಿಮಾ ಟೀಸರ್ ನೋಡಿ ಕಲಿಯಬೇಡಿ. ಅಲ್ಲಿ ಹೀರೋ ಬೆನ್ನು ಕಂಡರೆ ಸಾಕು, ಶಿಳ್ಳೆ ಬೀಳುತ್ತದೆ. ಅವನು ಜನರಿಗೆ ಮೊದಲೇ ಗೊತ್ತಲ್ವಾ? ನಿಮ್ಮ ಮರಿ ಆನೆ ಯಾರಿಗೂ ಗೊತ್ತಿಲ್ಲ. ಅದರ ಬೆನ್ನು ಬರೀ ಬೆನ್ನು. ಅದಕ್ಕೆ ಏನು ಬೇಕು, ಸಿಗದಿದ್ದರೆ ಏನು ಮಾಡುತ್ತದೆ, ಅದನ್ನು ತೋರಿಸಿದರೆ ಮಾತ್ರ ಅದು ಯಾರೋ ಆಗುತ್ತದೆ. ನಮ್ಮ ಮಡಿಕೇರಿ ದಸರಾ ರಾತ್ರಿಯ ದಶಮಂಟಪಗಳನ್ನೇ ನೋಡಿ, ಚಲಿಸುವ ಗೊಂಬೆಗಳಲ್ಲಿ ಪುರಾಣ ತೋರಿಸುವ ಹತ್ತು ಮೆರವಣಿಗೆ ಮಂಟಪಗಳು. ಪುರಾಣದ ಕಥೆ ಎಲ್ಲರಿಗೂ ಗೊತ್ತು, ಆದರೂ ಜನ ಚಳಿಯಲ್ಲಿ ನಿಲ್ಲುವುದು ಅಸುರ ತಲೆ ಎತ್ತಿ ನೋಡುವ ಆ ಒಂದು ಗಳಿಗೆಗೆ.

ನಿಮ್ಮದಕ್ಕೆ ಹಲಸಿನ ಹಣ್ಣು ಇದೆಯಲ್ಲ. ಆನೆ ಬರಬಾರದು ಅಂತ ತೋಟದವರು ಕಾಯಿ ಇರುವಾಗಲೇ ಕಡಿದುಹಾಕುತ್ತಾರೆ. ಹಾಗೆ ಕಾಯಿ ಕಡಿದ ಮರದಲ್ಲಿ ತುದಿಗೊಂದು ಹಣ್ಣು ಉಳಿದಿದೆ ಅಂದುಕೊಳ್ಳಿ. ಮರಿಯ ಸೊಂಡಿಲು ಒಂದು ಗೇಣು ಮೋಟು. ಅದು ಹಿಂದೆ ಹೋಗುತ್ತದೆ, ಯೋಚಿಸುತ್ತದೆ, ಓಡಿಬಂದು ಮರಕ್ಕೆ ಗುದ್ದುತ್ತದೆ. ಏನೂ ಆಗುವುದಿಲ್ಲ. ಇಲ್ಲಿ ಸುಮ್ನೆ ಒಂದೆರಡು ಸೆಕೆಂಡ್ ಬಿಡಿ, ಮ್ಯೂಸಿಕ್ ತುರುಕಬೇಡಿ. ಆಮೇಲೆ ಹಣ್ಣು ಬೀಳಲಿ, ಬೇಲಿ ಆಚೆಗೆ. ಅಲ್ಲಿಗೆ ಕಟ್, ಸಿನಿಮಾ ಹೆಸರು. ನಲವತ್ತು ಸೆಕೆಂಡ್ ಸಾಕು. "ಕಾವೇರಿಯ ತವರಿನಲ್ಲಿ..." ಅಂತ ಗಂಭೀರ ಧ್ವನಿಯ ನಿರೂಪಣೆ ದಯವಿಟ್ಟು ಬೇಡ, ಹೋಂಸ್ಟೇ ಜಾಹೀರಾತುಗಳಲ್ಲಿ ನಾನೇ ಬೇಕಾದಷ್ಟು ಹಾಕಿದ್ದೇನೆ.

ಬೆಳಕಿನ ಕಡೆ ಗಮನ ಇರಲಿ. ಬೂದು ಆನೆ, ಕತ್ತಲ ತೋಟ. ಮಳೆಗಾಲದ ನೆಟ್‌ವರ್ಕ್‌ನಲ್ಲಿ ವಿಡಿಯೋ ಮಸುಕಾಗಿ ಬಂದರೆ ಎಲ್ಲ ಒಂದೇ ಕೆಸರು. ಬೆಳದಿಂಗಳೋ, ಕಾವಲುಗಾರನ ಟಾರ್ಚೋ, ಆನೆಯ ಅಂಚು ಬಿಡಿಸಿ ತೋರುವ ಒಂದು ಬೆಳಕು ಬೇಕು. ಅಗ್ಗದ ಫೋನ್‌ನಲ್ಲಿ, ಕಡಿಮೆ ಕ್ವಾಲಿಟಿಯಲ್ಲಿ, ಸೌಂಡ್ ಆಫ್ ಮಾಡಿ ನೋಡಿ. ಬಸ್ಸಲ್ಲಿ ಕೂತು ನೋಡುವವರು ಹಾಗೇ ನೋಡುವುದು.

ನೀವು ಒಂದು ವಿಷಯ ಬರೆದಿಲ್ಲ: ಆನೆ ಮಾತಾಡುತ್ತದಾ? ಮಾತಾಡುವುದಾದರೆ ಟೀಸರ್‌ನಲ್ಲೇ ಒಂದು ಸಾಲು ಆಡಿಸಿಬಿಡಿ. ಮೂಕ ಆನೆ ನೋಡಲು ಬಂದವರಿಗೆ ಪೂರ್ತಿ ಚಿತ್ರದಲ್ಲಿ ಮಾತಾಡುವ ಆನೆ ಸಿಕ್ಕರೆ ಸಿಟ್ಟು ಬರುತ್ತದೆ.